ಪೊರಕೆಯ ಹಿಂದೆ ಯಾರೂ ಇಲ್ಲ

ನಮ್ಮ ಬೆಟ್ಟದೂರು ವಾಲ್ದೆಲೆಚೊದಲ್ಲಿ ಯಾರಾದರೂ ಓಡುತ್ತಿದ್ದಾರೆ ಎಂದರೆ ಹಿಂದೆ ಕಾಡುಹಂದಿ ಬರುತ್ತಿರಬೇಕು, ಇಲ್ಲವೇ ಮುಂದೆ ಬಸ್ಸು ಹೊರಟಿರಬೇಕು. ಕಾರಣವೇ ಇಲ್ಲದೆ, ಬಣ್ಣಬಣ್ಣದ ಬೂಟು ಹಾಕಿಕೊಂಡು ಬೆಟ್ಟ ಹತ್ತಿ ಓಡಿ, ಸುಸ್ತಾಗಿ, ಹೊರಟ ಜಾಗಕ್ಕೇ ಮತ್ತೆ ಬಂದು ನಿಲ್ಲುವ ಹುಚ್ಚನ್ನು ನಮ್ಮೂರಿಗೆ ಅಂಟಿಸಿದವಳು ಬ್ರೆಡ್ಡಿನ ವಿಸಿ. ಪೂರ್ತಿ ಹೆಸರು ವಿಸಿತಾಸಿಯೋನ್. ಅಂಚೆಯವನನ್ನು ಬಿಟ್ಟರೆ ಅಷ್ಟುದ್ದ ಕರೆಯುವ ಪುರುಸೊತ್ತು ಯಾರಿಗೂ ಇಲ್ಲ. ನಾನು ಲಿಯಾಂದ್ರೊ, ಚೌಕದಲ್ಲಿರುವ ಬಾರು ನನ್ನದು. ಅವಳೂ ನಾನೂ ಒಂದೇ ಶಾಲೆಯಲ್ಲಿ ಒಂದೇ ಒಲೆಗೆ ಕೈ ಕಾಯಿಸಿಕೊಂಡು ಬೆಳೆದವರು. ಆದ್ದರಿಂದ ಅವಳ ಬಗ್ಗೆ ಹೇಳುವ ಹಕ್ಕು ನನಗಿದೆ ಎಂದುಕೊಂಡಿದ್ದೇನೆ. ಅವಳು ಇಲ್ಲ ಎನ್ನುತ್ತಾಳೆ.

ಬೆಳಗಾಗುವ ಮುಂಚೆ ಬ್ರೆಡ್ಡು ಸುಟ್ಟು, ಬಿಳಿ ವ್ಯಾನಿಗೆ ತುಂಬಿ, ಸುತ್ತಲಿನ ಹಳ್ಳಿಗಳಿಗೆಲ್ಲ ಹಂಚಿಬರುವುದು ಅವಳ ಕೆಲಸ. ಪ್ರತಿ ಹಳ್ಳಿಯ ತಿರುವಿನಲ್ಲೂ ಹಾರ್ನ್ ಒತ್ತುತ್ತಾಳೆ: ಎರಡು ಗಿಡ್ಡ, ಒಂದು ಉದ್ದ. ಆ ಸದ್ದಿಗೆ ಕಿವುಡು ಅಜ್ಜಿಯರೂ ಬಟ್ಟೆಯ ಚೀಲ ಹಿಡಿದು ಬಾಗಿಲಿಗೆ ಬರುತ್ತಾರೆ. ಒಂದು ಚಳಿಗಾಲ ವ್ಯಾನು ಹಿಮದಲ್ಲಿ ಹೂತುಹೋಯಿತು. ವಿಸಿ ಬ್ರೆಡ್ಡನ್ನು ಗೋಣಿಗೆ ತುಂಬಿ, ಬೆನ್ನಿಗೆ ಕಟ್ಟಿ, ಕುರಿಹಾದಿ ಹಿಡಿದು ಮೇಲಿನ ಹಳ್ಳಿಗಳಿಗೆ ನಡೆದಳು. ಬರುವಾಗ ಗೋಣಿ ಖಾಲಿ, ಇಳಿಜಾರು, ಚಳಿ ಬೇರೆ, ಓಡಿಬಿಟ್ಟಳಂತೆ. ಐವತ್ತರ ಹತ್ತಿರದ ಹೆಂಗಸು, ಸೊಂಟ ನಮ್ಮ ಪೀಪಾಯಿಯಷ್ಟು. ಮನೆಗೆ ಬಂದಾಗ ಮುಖ ಕೆಂಪಗೆ ಹೊಳೆಯುತ್ತಿತ್ತು, ಜ್ವರವೇನೋ ಎಂದು ಗಂಡ ಫೆರ್ಮಿನ್ ಹಣೆ ಮುಟ್ಟಿ ನೋಡಿದ. ಜ್ವರವೇ ಅದು, ಇನ್ನೂ ಇಳಿದಿಲ್ಲ.

ಫೆರ್ಮಿನ್ ನಮ್ಮೂರ ಹಂದಿ ಬೇಟೆಗಾರರ ಗುಂಪಿಗೆ ಮುಖ್ಯಸ್ಥ. ಒಳ್ಳೆಯವನು, ಗುರಿ ತಪ್ಪುವುದಿಲ್ಲ. ಆದರೆ ಗುಂಡು ಹಾರಿಸುವುದೊಂದನ್ನು ಬಿಟ್ಟು ಮಿಕ್ಕದ್ದೆಲ್ಲ ಅವನಿಗೆ ನಾಳೆಯ ಕೆಲಸ.

ವಿಸಿಯ ಹಿಂದೆ ನಿಧಾನಕ್ಕೆ ಬೇರೆಯವರೂ ಓಡತೊಡಗಿದರು. ಪಟ್ಟಣದವರು ವಾರದ ಕೊನೆಗೆ ಬಂದು, ಕುರಿಹಾದಿಗಳಲ್ಲಿ ಓಡಿ, ನನ್ನ ಬಾರಿನಲ್ಲಿ ಬಾಳೆಹಣ್ಣು ಕೇಳಿದರು. ಬಾರಿನಲ್ಲಿ ಬಾಳೆಹಣ್ಣು! ನಿವೃತ್ತ ಮೇಷ್ಟ್ರು ಒವಿದಿಯೊಗೆ ಇದೆಲ್ಲ ನೋಡಿ ಹುರುಪು ಬಂತು. ಅಕ್ಟೋಬರಿನ ಕೊನೆಯ ಭಾನುವಾರ ಬೆಟ್ಟದ ಓಟ ಅಂತ ಶುರುಮಾಡಿಯೇ ಬಿಟ್ಟರು. ಚೌಕದಿಂದ ಹೊರಟು, ಊರ ಮೇಲಿನ ಪುಟ್ಟ ಪೂಜಾಗುಡಿ ದಾಟಿ, ಓಕ್ ಕಾಡು ಹತ್ತಿ, ದನಗಳ ಹುಲ್ಲುಗಾವಲು, ಆಮೇಲೆ ಘಟ್ಟದ ನೆತ್ತಿ, ಅಲ್ಲಿಂದ ಇನ್ನೊಂದು ಮಗ್ಗುಲಲ್ಲಿ ಇಳಿದು ಮತ್ತೆ ಅದೇ ಗುಡಿ, ಅದೇ ಚೌಕ. ದಾರಿಯುದ್ದಕ್ಕೂ ಗಿಡಮರಗಳಿಗೆ ಕೆಂಪು-ಬಿಳಿ ಪ್ಲಾಸ್ಟಿಕ್ ಪಟ್ಟಿ ಕಟ್ಟುತ್ತಾರೆ. ಪಟ್ಟಿ ಕಂಡರೆ ದಾರಿ ಸರಿ, ಕಾಣದಿದ್ದರೆ ತಪ್ಪು.

ಇಂಥ ಓಟಗಳಲ್ಲಿ ಎಲ್ಲರಿಗಿಂತ ಹಿಂದೆ ಒಬ್ಬರು ಬರಬೇಕು. ಆ ಕೆಲಸಕ್ಕೆ ಪೊರಕೆ ಅಂತಲೇ ಹೆಸರು. ಕೊನೆಯವನನ್ನು ಮುಂದಿಟ್ಟುಕೊಂಡು, ಬಿದ್ದವನನ್ನು ಎಬ್ಬಿಸಿ, ಅಳುವವನನ್ನು ನಗಿಸಿ, ಕಟ್ಟಿದ ಪಟ್ಟಿಗಳನ್ನೆಲ್ಲ ಬಿಚ್ಚಿ ಚೀಲಕ್ಕೆ ಹಾಕಿಕೊಳ್ಳುತ್ತಾ ಗುಡಿಸಿಕೊಂಡು ಬರುವುದು. ಮೊದಲು ಬರಬೇಕೆಂದು ಎಲ್ಲರೂ ಸಾಯುತ್ತಾರೆ, ಕೊನೆಗೆ ಬರುತ್ತೇನೆ ಎಂದವಳು ವಿಸಿ ಒಬ್ಬಳೇ. ಕುರುಚಲು ಕಡ್ಡಿಯ ನಿಜವಾದ ಪೊರಕೆಯನ್ನೇ ಬೆನ್ನಿಗೆ ಕಟ್ಟಿಕೊಂಡು ಓಡುತ್ತಿದ್ದಳು. ಆ ಕೆಲಸವನ್ನೇ ಅವಳು ಯಾಕೆ ಕೇಳಿದಳು ಎಂದು ಹೊರಗಿನವರಿಗೆ ಗೊತ್ತಿಲ್ಲ. ನನಗೆ ಗೊತ್ತು.

ಅವಳಿಗೆ ಏಳು ವರ್ಷವಿದ್ದಾಗ ಅಪ್ಪ ಕಾಸ್ತೋರ್ ತಪ್ಪಿಸಿಕೊಂಡ ಕುರಿಯನ್ನು ಹುಡುಕುತ್ತಾ ಮಂಜಿನಲ್ಲಿ ಬೆಟ್ಟಕ್ಕೆ ಹೋದ. ಮಂಜಿನಲ್ಲಿ ಯಾರಾದರೂ ಕಾಣೆಯಾದರೆ ನಮ್ಮಲ್ಲಿ ಚರ್ಚಿನ ದೊಡ್ಡ ಗಂಟೆಯನ್ನು ಬಿಡದೆ ಬಾರಿಸುತ್ತಾರೆ. ಒಂದು ಏಟು, ಒಂದು ಉಸಿರಿನಷ್ಟು ಹೊತ್ತು, ಮತ್ತೊಂದು ಏಟು. ಕಳೆದುಹೋದವನು ಆ ಸದ್ದನ್ನು ಹಿಡಿದು ಇಳಿಯಬೇಕು. ಹುಡುಕಲು ಹೋದವರಿಗೂ ಅದೇ ಸುದ್ದಿ. ಗಂಟೆ ಬಾರಿಸುತ್ತಿದ್ದರೆ ಇನ್ನೂ ಹುಡುಕು ಅಂತ, ನಿಂತರೆ ಸಿಕ್ಕಿದ, ಮನೆಗೆ ಬಾ ಅಂತ. ಆ ದಿನ ಹಗ್ಗ ಹಿಡಿದಿದ್ದವನು ನನ್ನಪ್ಪ, ಚರ್ಚಿನ ಗಂಟೆಯ ಚಾಕರಿ ಅವನದು. ಸಂಜೆ ಕಾಸ್ತೋರ್‌ನ ನಾಯಿ ಊರೊಳಗೆ ಬಂತು. ನಾಯಿ ಬಂದಮೇಲೆ ಯಜಮಾನ ಹಿಂದೆಯೇ ಇದ್ದಾನೆ ಎಂದು ಯಾರೋ ಕೂಗಿದರು. ಅಪ್ಪ ಹಗ್ಗ ಬಿಟ್ಟ. ಯಜಮಾನ ಹಿಂದೆ ಇರಲಿಲ್ಲ. ಮಂಜು ಸರಿದ ಮೇಲೆ, ತೋಳದ ಕೊರಕಲು ಎನ್ನುವ ಕಮರಿಯ ತಳದಲ್ಲಿ ಹೆಣವಾಗಿ ಸಿಕ್ಕಿದ.

ವಿಸಿಯ ಮನೆಯವರು ನನ್ನಪ್ಪನಿಗೆ ಒಂದು ಮಾತೂ ಅನ್ನಲಿಲ್ಲ. ಬೈದಿದ್ದರೆ ಅವನು ಇನ್ನಷ್ಟು ವರ್ಷ ಬದುಕುತ್ತಿದ್ದನೇನೋ.

ಈಗ ನಾನು ಹೇಳಹೊರಟ ಓಟದ ಭಾನುವಾರಕ್ಕೆ ಬರುತ್ತೇನೆ. ಅವತ್ತೇ ಚಳಿಗಾಲಕ್ಕೆಂದು ದೇಶದವರೆಲ್ಲ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುವ ದಿನ. ಕತ್ತಲೆ ಹೇಳದೆ ಕೇಳದೆ ಬೇಗ ಬಂದುಬಿಡುತ್ತದೆ. ಬೆಳಿಗ್ಗೆ ಓಟಗಾರರು ಹೊರಟಾಗ ಬಿಸಿಲಿತ್ತು. ಮಧ್ಯಾಹ್ನದ ಹೊತ್ತಿಗೆ ಘಟ್ಟದಿಂದ ಮಂಜು ಇಳಿಯತೊಡಗಿ, ಚರ್ಚಿನ ಗೋಪುರವೇ ಅರ್ಧ ಕಾಣೆಯಾಯಿತು. ಆದರೂ ಓಟಗಾರರು ಒಬ್ಬೊಬ್ಬರಾಗಿ ಬಂದರು. ಚೌಕದಲ್ಲಿ ದೊಡ್ಡ ಕಡಾಯಿಯಲ್ಲಿ ಚೊರಿಸೊ ಎಂಬ ಖಾರದ ಹಂದಿ ಸಾಸೇಜು ಹಾಕಿದ ಆಲೂಗಡ್ಡೆ ಕುದಿಯುತ್ತಿತ್ತು, ವೈನಿನ ಪೀಪಾಯಿ ತೆರೆದಿದ್ದರು. ಕಟ್ಟಕಡೆಗೆ ತುದೇಲಾ ಪಟ್ಟಣದ ಒಬ್ಬ ದಢೂತಿ ಮನುಷ್ಯ ಕುಂಟುತ್ತಾ ಬಂದ, ಅವನ ಹಿಂದೆ ಪೊರಕೆ ಕಟ್ಟಿಕೊಂಡ ವಿಸಿ. ಹೆಗಲಲ್ಲಿ ಪಟ್ಟಿಗಳು ತುಂಬಿದ ಚೀಲ. ಗೆದ್ದವನಿಗಿಂತ ಜೋರಾಗಿ ಇವರಿಗೆ ಚಪ್ಪಾಳೆ ಹೊಡೆದೆವು. ದಾರಿಯುದ್ದಕ್ಕೂ ಆ ಮನುಷ್ಯ ತನ್ನ ಮಂಡಿನೋವಿನ ಪುರಾಣ ಹೇಳಿದನೆಂದೂ, ಅವನ ಎಡಮಂಡಿಗೆ ಯಾವ ಡಾಕ್ಟರು ಏನೆಂದರು ಎನ್ನುವುದು ತನಗೀಗ ಬಾಯಿಪಾಠವೆಂದೂ ವಿಸಿ ನನ್ನ ಕಿವಿಯಲ್ಲಿ ಗೊಣಗಿದಳು.

ಆಗ ಸರಗೋಸಾ ಶಹರದ ಒಬ್ಬ ಗಂಡಸು, ಕೈಯಲ್ಲಿ ಹೆಂಗಸಿನ ಬೆಚ್ಚನೆ ಕೋಟು ಹಿಡಿದುಕೊಂಡು, ಮೆಲ್ಲಗೆ ಬಂದು ಕೇಳಿದ.

"ಕ್ಷಮಿಸಿ. ನಮ್ಮನೆಯವಳು ಇನ್ನೂ ಬಂದಿಲ್ಲ. ನೂರಿಯಾ ಅಂತ. ಇನ್ನೂ ಎಷ್ಟು ಜನ ಹಿಂದೆ ಇದಾರೆ?"

ಯಾರೂ ಇಲ್ಲ. ಪೊರಕೆ ಬಂದಮೇಲೆ ಹಿಂದೆ ಯಾರೂ ಇರುವುದಿಲ್ಲ. ನಾನು ವಿಸಿಯ ಮುಖ ನೋಡಿದೆ. ಬಣ್ಣವೆಲ್ಲ ಇಳಿದುಹೋಗಿತ್ತು. ಹುಲ್ಲುಗಾವಲಿನ ಗೇಟು ದಾಟಿದ ಮೇಲೆ ಒಂದು ಪೊದೆ ಅಲ್ಲಾಡಿದ್ದನ್ನು ಕಂಡೆ, ಹಸು ಅಂದುಕೊಂಡೆ, ಇವನ ಮಂಡಿಯ ಕಥೆ ಕೇಳುತ್ತಾ ಮುಂದೆ ಬಂದುಬಿಟ್ಟೆ ಎಂದು ತಡೆದು ತಡೆದು ಹೇಳಿದಳು. ಗೇಟಿನ ಹತ್ತಿರ ನೀರು ಕೊಡುವವರು ಇವನೇ ಕೊನೆಯವನು ಎಂದಿದ್ದರು. ಅದು ಸುಳ್ಳಲ್ಲ. ನೂರಿಯಾ ಗೇಟು ದಾಟಿಯಾಗಿತ್ತು, ದಾಟಿ ದೇಹಬಾಧೆಗೆಂದು ಪೊದೆಯ ಮರೆಗೆ ಹೋಗಿದ್ದಳು. ಅತ್ತ ಒಬ್ಬ ಗಂಡಸು ಮಾತಾಡುತ್ತಾ ಹೋಗುವುದು ಕೇಳಿದರೆ ಯಾವ ಹೆಂಗಸು ತಾನೇ ಕೂಗಿ ಕರೆಯುತ್ತಾಳೆ? ಅವಳು ಎದ್ದು ಬರುವಷ್ಟರಲ್ಲಿ ಮಂಜಿನಲ್ಲಿ ಕಣ್ಣಿಗೆ ಕಾಣುವಷ್ಟು ದೂರದ ಪಟ್ಟಿಗಳೆಲ್ಲ ವಿಸಿಯ ಚೀಲ ಸೇರಿದ್ದವು.

ಒವಿದಿಯೊ ಪೊಲೀಸರಿಗೆ ಫೋನು ಮಾಡಿದರು. ಮಂಜಿನಲ್ಲಿ ಹೆಲಿಕಾಪ್ಟರು ಹಾರುವುದಿಲ್ಲ, ಬೆಟ್ಟದ ರಕ್ಷಣಾ ತಂಡ ಬರುವವರೆಗೆ ಯಾರೂ ಮೇಲೆ ಹೋಗಬೇಡಿ ಎಂದರಂತೆ. ಅದನ್ನೇ ಅವರು ಎಲ್ಲರಿಗೂ ಹೇಳುತ್ತಿದ್ದಾಗ ವಿಸಿ ಬೂಟಿನ ದಾರ ಬಿಗಿಯುತ್ತಿದ್ದಳು.

"ಕಾಯೋಣ ಕಣಮ್ಮಾ, ಇನ್ನೊಂದು ಗಂಟೇಲಿ ಬರ್ತಾರೆ," ಎಂದರು ಒವಿದಿಯೊ.

"ಅವಳ ದಾರೀನ ಕಿತ್ತು ಚೀಲಕ್ಕೆ ಹಾಕ್ಕೊಂಡು ಬಂದೋಳು ನಾನು ಮೇಷ್ಟ್ರೇ. ನಾನೇ ವಾಪಸ್ ಕಟ್ಟಬೇಕು."

ಅಷ್ಟೇ. ಟಾರ್ಚು ಇಸಿದುಕೊಂಡಳು. ಫೆರ್ಮಿನ್ ತಾನೂ ಬರುತ್ತೇನೆ ಎಂದ. ನಿನ್ನ ಹೊಟ್ಟೆ ಎಳೆದುಕೊಂಡು ಹೋಗಲು ನನಗೆ ಈಗ ಹೊತ್ತಿಲ್ಲ ಎಂದಳು. ಆಮೇಲೆ ನನ್ನ ಕಡೆ ತಿರುಗಿದಳು. ಅರವತ್ತರ ಹತ್ತಿರ ಬಂದಿದ್ದೇವೆ, ಅಷ್ಟು ವರ್ಷಗಳಲ್ಲಿ ಅವಳು ನನ್ನ ಹತ್ತಿರ ಗಂಟೆಯ ಮಾತು ಎತ್ತಿದವಳಲ್ಲ.

"ಲಿಯಾಂದ್ರೊ, ಗಂಟೆ ಹೊಡಿ. ಬಿಡಬೇಡ."

ಹೂಂ ಎಂದೆ. ಗೋಪುರದ ಮೆಟ್ಟಿಲು ಹತ್ತಿದೆ. ಈಗ ಗಂಟೆಗೆ ವಿದ್ಯುತ್ ಯಂತ್ರವಿದೆ, ಹೊತ್ತು ಹೊತ್ತಿಗೆ ತಾನೇ ಹೊಡೆದುಕೊಳ್ಳುತ್ತದೆ. ಹಗ್ಗವನ್ನು ಮಾತ್ರ ತೆಗೆಯಲು ನಾನು ಬಿಟ್ಟಿರಲಿಲ್ಲ, ಯಾಕೆಂದು ಕೇಳಿದರೆ ಹೇಳಲು ಬರುತ್ತಿರಲಿಲ್ಲ. ಅಪ್ಪನ ಕೈ ಹಿಡಿದಿದ್ದ ಜಾಗ ನುಣುಪಾಗಿತ್ತು. ಅಲ್ಲೇ ಹಿಡಿದು ಎಳೆದೆ. ಒಂದು ಏಟು, ಒಂದು ಉಸಿರು, ಮತ್ತೊಂದು ಏಟು.

ಗೋಪುರದ ಕಿಂಡಿಯಿಂದ ಏನೂ ಕಾಣುತ್ತಿರಲಿಲ್ಲ. ಗುಡಿ ಇಲ್ಲ, ಕಾಡು ಇಲ್ಲ, ಕೆಳಗಿನ ಕಡಾಯಿಯ ಹೊಗೆಯೂ ಮಂಜೂ ಒಂದೇ ಆಗಿದ್ದವು. ಪ್ರತಿ ಏಟಿಗೂ ಅವಳು ಈಗ ಎಲ್ಲಿರಬಹುದು ಎಂದು ಲೆಕ್ಕ ಹಾಕುತ್ತಿದ್ದೆ. ಓಕ್ ಕಾಡಿನಲ್ಲಿ ಪಟ್ಟಿ ಕಟ್ಟುತ್ತಿರಬಹುದು. ಹುಲ್ಲುಗಾವಲಿಗೆ ಬಂದಿರಬಹುದು. ಅಲ್ಲಿಂದ ಬಲಕ್ಕೆ ತಿರುಗಿದರೆ ತೋಳದ ಕೊರಕಲು. ಆ ಲೆಕ್ಕ ಅಲ್ಲಿಗೇ ಹೋಗಿ ನಿಲ್ಲುತ್ತಿತ್ತು, ನಾನು ಮತ್ತೆ ಮೊದಲಿನಿಂದ ಶುರುಮಾಡುತ್ತಿದ್ದೆ. ಅಂಗೈ ಬೊಬ್ಬೆ ಬಂದು ಒಡೆಯಿತು. ಬೆಳಕು ಕುಂದುತ್ತಿತ್ತು, ರಕ್ಷಣಾ ತಂಡದ ಸುಳಿವಿರಲಿಲ್ಲ.

ಇದ್ದಕ್ಕಿದ್ದಂತೆ ಕೆಳಗಿನಿಂದ ಗದ್ದಲ ಕೇಳಿತು. ಒಂದು ಕಾರಿನ ದೀಪ, ಜನ ಓಡುವ ಸದ್ದು, ಒಬ್ಬ ಗಂಡಸು ಅಳುವ ಸದ್ದು. ಚೀಸ್ ಮಾಡುವವನೊಬ್ಬ ಕೆಳಗಿನ ರಸ್ತೆಯಲ್ಲಿ ಒಂಟಿಯಾಗಿ ನಡೆದುಬರುತ್ತಿದ್ದ ನೂರಿಯಾಳನ್ನು ಕಂಡು ಕಾರಿನಲ್ಲಿ ಕೂರಿಸಿಕೊಂಡು ಬಂದಿದ್ದ. ಮೈಯೆಲ್ಲ ಮುಳ್ಳು ಗೀರಿತ್ತು, ಉಳಿದಂತೆ ಆರಾಮಾಗಿದ್ದಳು. ಇದನ್ನು ಹೇಳಲು ಫೆರ್ಮಿನ್ ಮೆಟ್ಟಿಲು ಹತ್ತಿ ಬಂದ. ಏದುಸಿರು ಬಿಡುತ್ತಿದ್ದ, ಮುಖ ಸಣ್ಣದಾಗಿತ್ತು.

ನೂರಿಯಾ ದಾರಿ ತಪ್ಪಿದ್ದಳು, ಆದರೆ ಪಟ್ಟಿ ತಪ್ಪಿರಲಿಲ್ಲ. ಪೊದೆಯಿಂದ ಎದ್ದು ಬಂದವಳು ಕೆಂಪು-ಬಿಳಿ ಪಟ್ಟಿ ಹುಡುಕಿದಳು, ಕಂಡಳು, ಹಿಂಬಾಲಿಸಿದಳು. ಅದು ನೇರ ತೋಳದ ಕೊರಕಲಿಗೆ ಇಳಿಯಿತು. ಹಿಂದಿನ ಭಾನುವಾರ ಹಂದಿ ಬೇಟೆಯಾಗಿತ್ತು. ಯಾವ ಬಂದೂಕಿನವನು ಎಲ್ಲಿ ನಿಲ್ಲಬೇಕೆಂದು ಗುರುತಿಗೆ ಫೆರ್ಮಿನ್‌ನವರೂ ಪಟ್ಟಿ ಕಟ್ಟುತ್ತಾರೆ. ಊರಿಗೆ ಇರುವುದು ಒಂದೇ ಅಂಗಡಿ, ಅಂಗಡಿಯಲ್ಲಿ ಇರುವುದು ಒಂದೇ ಬಣ್ಣದ ಪಟ್ಟಿ. ಬೇಟೆ ಮುಗಿದ ದಿನವೇ ಬಿಚ್ಚಬೇಕಾದದ್ದನ್ನು ಅವನು ನಾಳೆ ಬಿಚ್ಚುತ್ತೇನೆ ಎಂದಿದ್ದ. ನಾಳೆ ಎಂದವನ ಮನೆ ಹಾಳು ಅಂತ ದೊಡ್ಡವರು ಸುಮ್ಮನೆ ಹೇಳಿಲ್ಲ. ನೂರಿಯಾಳ ಪುಣ್ಯ, ಪಟ್ಟಿ ಮುಗಿದ ಜಾಗದಿಂದ ಮರ ಸಾಗಿಸುವ ಒಂದು ಹಾದಿ ಸಿಕ್ಕಿ ರಸ್ತೆಗೆ ಬಿದ್ದಿದ್ದಳು.

ಅವನು ಹೇಳಿ ಮುಗಿಸಿದ. ನಾನು ಗಂಟೆ ಹೊಡೆಯುತ್ತಲೇ ಇದ್ದೆ. ಕೆಳಗೆ ಯಾರೋ ನಗುವುದು, ಲೋಟ ತಾಗಿಸುವುದು ಕೇಳುತ್ತಿತ್ತು. ಕಳೆದುಹೋದವಳು ಬಂದಳು ಎಂದು ಊರು ಹಗುರಾಗಿತ್ತು, ಊಟಕ್ಕೆ ಕೂರುತ್ತಿತ್ತು. ಹುಡುಕಲು ಹೋದವಳು ಇನ್ನೂ ಮೇಲೆ ಇದ್ದಾಳೆ ಎನ್ನುವುದು ಆ ಗಳಿಗೆಯಲ್ಲಿ ಯಾರ ತಲೆಯಲ್ಲೂ ಇದ್ದಂತಿರಲಿಲ್ಲ. ನಾಯಿ ಬಂತು, ಯಜಮಾನ ಹಿಂದೆಯೇ ಇರುತ್ತಾನೆ.

"ನಿಲ್ಸು," ಎಂದ ಫೆರ್ಮಿನ್.

"ನಿಲ್ಸಲ್ಲ."

"ಲೇ, ತಲೆ ಇದೆಯೇನೋ ನಿಂಗೆ? ಗಂಟೆ ಕೇಳೋವರೆಗೂ ಅವಳು ಹುಡುಕ್ತಾನೇ ಇರ್ತಾಳೆ. ನಿಂಗೊತ್ತಿಲ್ವಾ ಅವಳು? ರಾತ್ರಿಯೆಲ್ಲ ಹುಡುಕ್ತಾಳೆ. ಆ ಕೊರಕಲಿಗೂ ಇಳೀತಾಳೆ."

"ನಿಲ್ಸಿದ್ರೆ ಯಾವ ದಿಕ್ಕಿಗೆ ಬರ್ತಾಳೆ? ಕಣ್ಣಿಗೆ ಏನೂ ಕಾಣಲ್ಲ ಅಲ್ಲಿ. ಫೋನೂ ಸಿಗಲ್ಲ. ಈ ಸದ್ದೊಂದೇ ಇರೋದು ಅವಳಿಗೆ."

"ಅದು ನಂಗೂ ಗೊತ್ತು."

"ನಮ್ಮಪ್ಪ ನಿಲ್ಸಿದ್ದ, ಫೆರ್ಮಿನ್."

ನಾನು ಅಳುತ್ತಿದ್ದೆ, ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ. ಅಡಕತ್ತರಿಯಲ್ಲಿ ಸಿಕ್ಕಿಬಿದ್ದಿದ್ದೆವು. ಬಾರಿಸಿದರೆ ಅವಳು ಬೆಟ್ಟ ಬಿಡುವುದಿಲ್ಲ, ಬಿಟ್ಟರೆ ಅವಳಿಗೆ ಊರು ಸಿಗುವುದಿಲ್ಲ. ಬೇರೆ ರೀತಿ ಬಾರಿಸೋಣವೆಂದರೆ ಸಾವಿಗೊಂದು, ಬೆಂಕಿಗೊಂದು, ಹಬ್ಬಕ್ಕೊಂದು ಸದ್ದಿದೆ. ಅವಳು ಸಿಕ್ಕಿದಳು, ನೀನು ಈ ಕಡೆ ಬಾ ಎನ್ನುವುದಕ್ಕೆ ನಮ್ಮ ಹಿರಿಯರು ಏನನ್ನೂ ಮಾಡಿಟ್ಟಿರಲಿಲ್ಲ. ಫೆರ್ಮಿನ್ ಗೋಡೆಗೆ ಒರಗಿ ಕೂತ. ತಲೆ ಎರಡೂ ಕೈಯಲ್ಲಿ ಹಿಡಿದಿದ್ದ. ನಾನು ನಾಲ್ಕಾರು ಏಟು ಹೊಡೆದಿರಬೇಕು. ಅವನು ತಟ್ಟನೆ ಎದ್ದ.

"ವ್ಯಾನ್ ತಗೊಂಡು ಗುಡಿ ಹತ್ರ ಹೋಗ್ತೀನಿ. ಹಾರ್ನ್ ಕೇಳಿದ ಕೂಡ್ಲೆ ನೀನು ಗಂಟೆ ಬಿಡು."

ನನಗೆ ಅರ್ಥವಾಯಿತು. ಆ ಸದ್ದು ಅವಳದ್ದೇ. ಗುಡಿ ಇರುವುದು ಬೆಟ್ಟದ ಹಾದಿ ಊರಿಗೆ ಇಳಿಯುವ ಬಾಯಲ್ಲಿ. ಅವನು ನನ್ನ ಮಾತಿಗೆ ಕಾಯದೆ ಮೆಟ್ಟಿಲು ಇಳಿದ. ಮದುವೆಯಾದಾಗಿನಿಂದ ಆ ವ್ಯಾನನ್ನು ಮುಟ್ಟಲು ಅವಳು ಅವನಿಗೆ ಬಿಟ್ಟಿರಲಿಲ್ಲ. ಹಂದಿಯ ವಾಸನೆ ಬ್ರೆಡ್ಡಿಗೆ ಹತ್ತುತ್ತದೆ ಎನ್ನುತ್ತಿದ್ದಳು.

ವ್ಯಾನು ಕೆಮ್ಮಿ ಹೊರಟಿತು. ಸದ್ದು ಮೇಲಕ್ಕೆ ಹೋಗಿ ಮಂಜಿನಲ್ಲಿ ಮುಳುಗಿತು. ಆಮೇಲೆ ಹಾರ್ನ್ ಕೇಳಿತು. ಎರಡು ಉದ್ದ, ಒಂದು ಗಿಡ್ಡ. ತಪ್ಪು. ಮೂವತ್ತು ವರ್ಷ ಅದೇ ಸದ್ದಿಗೆ ಎದ್ದು ಕಾಫಿ ಕುಡಿದ ಮನುಷ್ಯ, ತಪ್ಪು ಹೊಡೆಯುತ್ತಿದ್ದ. ನಾನು ಕಿಂಡಿಯಿಂದ ಬಗ್ಗಿ, ಗಿಡ್ಡ ಮೊದಲು ಕಣೋ ಎಂದು ಕೂಗಿದೆ. ಯಾರಿಗೆ ಕೇಳಬೇಕು?

ಹಗ್ಗ ಬಿಡಬೇಕಿತ್ತು. ಕೈ ಬಿಡಲಿಲ್ಲ. ಇನ್ನೊಂದು ಏಟು ಹೊಡೆದೆ, ಮತ್ತೊಂದು ಹೊಡೆದೆ. ಅವನು ತಪ್ಪು ಹಾರ್ನ್ ಹೊಡೆಯುತ್ತಲೇ ಇದ್ದ. ಕಣ್ಣು ಮುಚ್ಚಿ, ಅಪ್ಪಾ ಎಂದು, ಬಿಟ್ಟೆ.

ಗಂಟೆಯ ಗುಂಯ್‌ಗುಡುವಿಕೆ ಅಡಗಿದ ಮೇಲೆ ಹಾರ್ನಿನ ನಡುನಡುವೆ ಊರು ಎಷ್ಟು ಮೌನವಾಯಿತೆಂದರೆ ಕೆಳಗೆ ಚಮಚ ಇಟ್ಟ ಸದ್ದೂ ಕೇಳಿತು. ಊಟಕ್ಕೆ ಕೂತವರು ತಲೆಯೆತ್ತಿ ನೋಡಿದರಂತೆ. ಅವರಿಗೂ ಆಗ ಹೊಳೆಯಿತು ಎಂದು ಕಾಣುತ್ತದೆ, ಯಾಕೆಂದರೆ ಒಬ್ಬೊಬ್ಬರಾಗಿ ಎದ್ದು ಗುಡಿಯ ಕಡೆಗೆ ನಡೆಯುವ ಸದ್ದು ಕೇಳಿತು. ಓಣಿಯ ಇಬ್ಬರು ಅಜ್ಜಿಯರು ಚೀಲ ಹಿಡಿದು ಬಾಗಿಲಿಗೆ ಬಂದಿದ್ದರಂತೆ. ಭಾನುವಾರ ಸಂಜೆ ಬ್ರೆಡ್ಡು ಯಾಕೆ ಬಂತು ಎಂದು ಒಬ್ಬಳು ಇನ್ನೊಬ್ಬಳನ್ನು ಕೇಳುತ್ತಿದ್ದಳು. ಹಾರ್ನ್ ಹೊಡೆದುಕೊಳ್ಳುತ್ತಲೇ ಇತ್ತು. ಎರಡು ಉದ್ದ, ಒಂದು ಗಿಡ್ಡ. ಎರಡು ಉದ್ದ, ಒಂದು ಗಿಡ್ಡ. ನನ್ನ ಕೈಗೆ ಮಾಡಲು ಏನೂ ಇರಲಿಲ್ಲ. ಅದಕ್ಕಿಂತ ಕೆಟ್ಟ ಹೊತ್ತನ್ನು ನಾನು ಕಂಡಿಲ್ಲ. ಕತ್ತಲೆ ಪೂರ್ತಿ ಇಳಿಯುವುದಕ್ಕೆ ಇನ್ನು ಸ್ವಲ್ಪವೇ ಬಾಕಿ ಇತ್ತು.

ಹಾರ್ನ್ ನಿಂತಿತು.

ಬ್ಯಾಟರಿ ಸತ್ತಿತೋ, ಅವನು ಎದೆಯೊಡೆದು ಕೂತನೋ ಗೊತ್ತಾಗಲಿಲ್ಲ. ಹಗ್ಗಕ್ಕೆ ಕೈ ಹಾಕಿದೆ. ಎಳೆಯಬೇಕು, ಅಷ್ಟರಲ್ಲಿ ಮೇಲಿನಿಂದ ಕೇಳಿತು: ಎರಡು ಗಿಡ್ಡ, ಒಂದು ಉದ್ದ.

ನಾನು ಗೋಪುರದ ನೆಲದ ಮೇಲೆ ಕೂತುಬಿಟ್ಟೆ.

ಆಮೇಲಿನದು ಎಲ್ಲರೂ ಹೇಳಿದ್ದು. ವಿಸಿ ಮಂಜಿನಿಂದ ಓಡುತ್ತಲೇ ಬಂದಳಂತೆ, ನೇರ ವ್ಯಾನಿನ ಬಾಗಿಲು ತೆಗೆದು, ಗಂಡನನ್ನು ಪಕ್ಕಕ್ಕೆ ತಳ್ಳಿ, ಹಾರ್ನ್ ತಾನೇ ಒತ್ತಿದಳಂತೆ. ಇಷ್ಟು ವರ್ಷ ಕೇಳಿದೀಯ, ಇನ್ನೂ ಕಲಿತಿಲ್ವಾ ಎಂದಳಂತೆ. ಫೆರ್ಮಿನ್ ಕೆಳಗಿಳಿದು ಬಂದು ಅವಳ ಬೆವರು ತೊಟ್ಟಿಕ್ಕುವ ತಲೆಯನ್ನು ಹೊಟ್ಟೆಗೆ ಒತ್ತಿಕೊಂಡು ನಿಂತಿದ್ದನಂತೆ. ಅವಳು ಘಟ್ಟದವರೆಗೂ ಹೋಗಿ, ಪಟ್ಟಿ ಕಟ್ಟುತ್ತಾ ಕಟ್ಟುತ್ತಾ, ಕೊರಕಲಿನ ಅಂಚಿಗೆ ಬಂದಿದ್ದಳು. ಕೆಳಗೆ ಬೇಟೆಯ ಪಟ್ಟಿಗಳನ್ನೂ ಕಂಡಿದ್ದಳು. ಇಳಿಯಲೆಂದು ಒಂದು ಕಾಲು ಇಟ್ಟಾಗ ಗಂಟೆ ನಿಂತಿತು.

ಬಾರಿಗೆ ಬಂದು ನೂರಿಯಾಳ ಎರಡೂ ಕೆನ್ನೆ ಮುಟ್ಟಿ ನೋಡಿ, ಅವಳ ಹತ್ತಿರ ಕ್ಷಮೆ ಕೇಳಿ, ಒಂದು ತಟ್ಟೆ ಆಲೂಗಡ್ಡೆ ಮುಗಿಸಿದ ಮೇಲೆ ವಿಸಿ ನನ್ನ ಕಡೆ ನೋಡಿದಳು. ಬಟ್ಟೆ ಸುತ್ತಿದ ನನ್ನ ಅಂಗೈಗಳನ್ನು ನೋಡಿದಳು.

"ಗಂಟೆ ನಿಂತಾಗ ಅವಳು ಸಿಕ್ಕಿದ್ಲು ಅಂತ ಗೊತ್ತಾಯ್ತು," ಎಂದಳು. "ಆದ್ರೆ ಎಲ್ಲಿಗೆ ಬರ್ಬೇಕು ಅಂತ ಗೊತ್ತಾಗ್ಲಿಲ್ಲ. ಹಂಗೇ ನಿಂತಿದ್ದೆ. ನಮ್ಮಪ್ಪನೂ ಹಿಂಗೇ ನಿಂತಿದ್ನೇನೋ ಅನ್ಕೊಂಡೆ. ಆಮೇಲೆ ಕಿವಿಯೊಳಗಿನ ಗುಂಯ್ ಅಡಗಿ ಹಾರ್ನ್ ಕೇಳ್ತು. ಯಾವನೋ ಕಳ್ಳ ನನ್ನ ವ್ಯಾನ್ ತಗೊಂಡು ಬ್ರೆಡ್ ಮಾರ್ತಾ ಇದಾನೆ ಅಂತ ಸಿಟ್ಟು ಬಂತು ನೋಡು, ಓಡಿ ಬಂದೆ."

ಎಲ್ಲರೂ ನಕ್ಕರು. ನಾನು ನಗಲಿಲ್ಲ, ಅವಳೂ ನಗಲಿಲ್ಲ. ಲೋಟಕ್ಕೆ ವೈನ್ ಹಾಕಿ ನನ್ನ ಮುಂದೆ ಸರಿಸಿದಳು. ನನ್ನ ಬಾರು, ನನ್ನ ವೈನು, ಇರಲಿ. ಕೈ ನೋಯುತ್ತಿದ್ದರಿಂದ ಲೋಟ ಹಿಡಿಯಲಾಗಲಿಲ್ಲ. ಅವಳೇ ಹಿಡಿದು ಕುಡಿಸಿದಳು.

ಮರುದಿನ ಫೆರ್ಮಿನ್ ಒಬ್ಬನೇ ಬೆಟ್ಟ ಹತ್ತಿ ಅವಳು ಕಟ್ಟಿದ್ದನ್ನೂ ತಾನು ಕಟ್ಟಿದ್ದನ್ನೂ ಬಿಚ್ಚಿ ತಂದ. ಈಗ ಬೇಟೆಗಾರರ ಪಟ್ಟಿ ಹಳದಿ ಬಣ್ಣದ್ದು, ಅಂಗಡಿಯವನು ಹೊರಗಿನಿಂದ ತರಿಸುತ್ತಾನೆ. ಓಟ ಈಗಲೂ ನಡೆಯುತ್ತದೆ. ಕೊನೆಯವನ ಹಿಂದೆ ಪೊರಕೆ ಕಟ್ಟಿಕೊಂಡು ವಿಸಿ ಬರುತ್ತಾಳೆ, ನಾವು ಚಪ್ಪಾಳೆ ಹೊಡೆಯುತ್ತೇವೆ, ಆದರೆ ಕಡಾಯಿಯ ಮುಚ್ಚಳ ತೆಗೆಯುವುದಿಲ್ಲ. ಅವಳ ಹಿಂದೆ ತುಂಬ ದೂರದಲ್ಲಿ, ಕೋಲೂರಿಕೊಂಡು, ಓಟವನ್ನೂ ಓಡುವವರನ್ನೂ ಬೈದುಕೊಳ್ಳುತ್ತಾ ಫೆರ್ಮಿನ್ ನಡೆದು ಬರುತ್ತಾನೆ. ಅವನು ಚೌಕಕ್ಕೆ ಕಾಲಿಟ್ಟ ಮೇಲೆಯೇ ಊಟ.